ಜೀಪಿನಲ್ಲಿ ಬಂದ ಜವರಪ್ಪನವರು

ಸಂಜೆಯ ಸಭೆಯಲ್ಲಿ ಗಂಗಣ್ಣ ಹಾಡುತ್ತಾನಂತೆ ಎಂಬ ಸುದ್ದಿ ಬೆಳಗಿನ ಕಾಫಿಯ ಜೊತೆಗೇ ಬಂತು. ಸುಂಟಿಕೊಪ್ಪದ ಟೈಲರ್ ಸಣ್ಣಸ್ವಾಮಿಗೆ ಕಾಫಿ ನೆತ್ತಿಗೇರಿತು.

ಅದು ಹಾಡುಗಾರ ಜವರಪ್ಪನವರ ನೆನಪಿನ ಸಭೆ. ಒಂದು ಕಾಲಕ್ಕೆ ಅವರ ಆರ್ಕೆಸ್ಟ್ರಾ ಇಲ್ಲದೆ ಈ ಕಡೆ ಆಯುಧಪೂಜೆ ಕಳೆಯುತ್ತಿರಲಿಲ್ಲ. ಅವರು ಹೋಗಿ ತಿಂಗಳಾಗಿತ್ತು. ಹೆಂಡತಿ ಮುತ್ತಮ್ಮನವರೇ ಸಭೆಗೆ ಬರುವವರಿದ್ದರು. ಆ ತಾಯಿಯ ಎದುರು ಗಂಗಣ್ಣನ ಹಾಡೇ? ಸಂತೆಯಲ್ಲಿ ತರಕಾರಿ ಕೂಗಿ ಕೂಗಿ ಅವನ ದನಿ ಒಡೆದ ಮಡಕೆಯಾಗಿತ್ತು. ಪಕ್ಕದ ಮನೆಯವನಾದ ಸಣ್ಣಸ್ವಾಮಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು?

"ಆತ್ಮಕ್ಕೆ ಶಾಂತಿ ಕೋರೋ ಸಭೆ ಕಣಯ್ಯಾ ಗಂಗಣ್ಣ. ನೀನು ಹಾಡಿದ್ರೆ ಇರೋ ಶಾಂತೀನೂ ಹೋಯ್ತದೆ."

"ಒಂದೇ ಒಂದು ಹಾಡು ಸ್ವಾಮಣ್ಣ. ಹಾಡ್ಲೇಬೇಕು ಅನ್ಸೈತೆ."

"ಬೇಡ. ಜವರಪ್ಪನೋರೇ ಹಾಡ್ತಾರೆ. ನನ್ ಹತ್ರ ಕ್ಯಾಸೆಟ್ ಐತೆ."

ಕ್ಯಾಸೆಟ್ ಇದ್ದದ್ದು ನಿಜ. ಹಿಂದೊಂದು ಆಯುಧಪೂಜೆಗೆ ಸಣ್ಣಸ್ವಾಮಿ ಜ್ವರ ಬಂದು ಮಲಗಿದ್ದಾಗ ಮೈಕ್‌ಸೆಟ್ಟಿನವನು ಅವನಿಗೆಂದೇ ರೆಕಾರ್ಡ್ ಮಾಡಿಕೊಟ್ಟದ್ದು. ಆ ಸಲ ಹಾಡಿದ ಹಾಗೆ ಜವರಪ್ಪನವರು ಮತ್ತೆಂದೂ ಹಾಡಲಿಲ್ಲ ಎಂಬುದು ಸಣ್ಣಸ್ವಾಮಿಯ ಖಚಿತ ಅಭಿಪ್ರಾಯ. ತನ್ನ ಹೆಂಡತಿ ತೀರಿಕೊಂಡ ವರ್ಷ ಕ್ಯಾಸೆಟ್ಟಿನ ಆ ದನಿಯೊಂದು ಇಲ್ಲದಿದ್ದರೆ ಅವನು ಮತ್ತೆ ಹೊಲಿಗೆ ಮಿಷನ್ ಮುಟ್ಟುತ್ತಿರಲಿಲ್ಲ.

ಅಟ್ಟದಿಂದ ಟೇಪ್‌ರೆಕಾರ್ಡರ್ ಇಳಿಸಿ ಕ್ಯಾಸೆಟ್ ಹಾಕಿದ. ಅದು ಹಾಡುವ ಬದಲು ತಿನ್ನತೊಡಗಿತು. ಎಳೆದು ತೆಗೆಯುವಷ್ಟರಲ್ಲಿ ಟೇಪು ಶ್ಯಾವಿಗೆಯಂತೆ ಹೊರಬಂತು. ಪೆನ್ನು ತೂರಿಸಿ ಸುತ್ತುತ್ತಾ ಕೂತಿದ್ದಾಗ ಎದುರುಮನೆ ಕುಸುಮಾ ಬಂದಳು.

"ಅಯ್ಯೋ ಅಂಕಲ್, ಎಲ್ಲಾ ಮುದುರ್ಕೊಂಡಿದೆ. ಟೈಲರ್ ಅಲ್ವಾ ನೀವು? ಒಂದು ಇಸ್ತ್ರಿ ಹೊಡೀರಿ."

ಗಾಬರಿಯಲ್ಲಿ ಸಣ್ಣಸ್ವಾಮಿ ಇಸ್ತ್ರಿಪೆಟ್ಟಿಗೆ ಎತ್ತಿಯೂ ಬಿಟ್ಟ. ಪುಣ್ಯಕ್ಕೆ ಕರೆಂಟು ಹೋಯಿತು.

ಟೇಪನ್ನು ಹೇಗೋ ಒಳಗೆ ಸುತ್ತಿದ್ದಾಯಿತು. ಆದರೆ ಪೇಟೆಯೆಲ್ಲಾ ಅಲೆದರೂ ಕ್ಯಾಸೆಟ್ ಹಾಕುವ ಬೇರೆ ಯಂತ್ರ ಸಿಗಲಿಲ್ಲ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಿದ್ದರು. ಮಧ್ಯಾಹ್ನ ದಾಟಿದ ಮೇಲೆ ಯಾರೋ ಚೆಟ್ಟಳ್ಳಿಯ ಎಸ್ಟೇಟ್ ಡ್ರೈವರ್ ಕೆಂಚನ ಹೆಸರು ಹೇಳಿದರು. ಅವನ ಹಳೇ ಜೀಪಿನಲ್ಲಿ ಟೇಪ್ ಇದೆಯಂತೆ. ಸಣ್ಣಸ್ವಾಮಿ ಸಿಕ್ಕ ಬಸ್ಸು ಹತ್ತಿ ಓಡಿದ.

"ಹಾಡ್ತದೆ ಸ್ವಾಮಣ್ಣ," ಎಂದ ಕೆಂಚ. "ಆದ್ರೆ ಇಂಜಿನ್ ಓಡ್ತಾ ಇದ್ರೆ ಮಾತ್ರ. ಆಫ್ ಮಾಡಿದ್ರೆ ಅದೂ ಬಂದ್."

ಹೀಗೆ ಜವರಪ್ಪನವರು ತಮ್ಮ ಸಭೆಗೆ ಜೀಪಿನಲ್ಲಿ ಬಂದರು. ಕೆಂಚ ಜೀಪಿನ ಮೂತಿಯನ್ನು ಸಭಾಭವನದ ಬಾಗಿಲಿಗೆ ತಂದು ನಿಲ್ಲಿಸಿದ. ಜೀಪನ್ನು ಬರಿದೇ ನಿಲ್ಲಿಸಲು ಮನಸ್ಸೊಪ್ಪದೆ ಯಾರೋ ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿ ಊದುಬತ್ತಿ ಸಿಕ್ಕಿಸಿದರು. ಅದರ ಮೇಲೆಯೇ ಜವರಪ್ಪನವರ ಫೋಟೋ ಇಟ್ಟದ್ದಾಯಿತು. ಮುತ್ತಮ್ಮನವರನ್ನು ಗೌರವದಿಂದ ಜೀಪಿನ ಮುಂದಿನ ಸೀಟಿನಲ್ಲಿ, ಸ್ಪೀಕರಿನ ಪಕ್ಕದಲ್ಲೇ ಕೂರಿಸಿದರು. ಸಣ್ಣಸ್ವಾಮಿ ಸ್ಪೀಕರಿಗೆ ಮೈಕ್ ಹಿಡಿದ.

ಇಂಜಿನ್ ಗುಡುಗುಡು ಎಂದಿತು. ಅದರ ನಡುವಿನಿಂದ ದನಿ ಎದ್ದಿತು. ಎಂಥ ದನಿ! ಹೊಗೆಯಿಂದ ಕೆಮ್ಮುತ್ತಿದ್ದವರೂ ಕೆಮ್ಮು ನುಂಗಿಕೊಂಡರು. ಟೋಪಿ ಹಾಕಿದ್ದವರು ಟೋಪಿ ತೆಗೆದರು. ಕಂಬಕ್ಕೊರಗಿ ನಿಂತಿದ್ದ ಗಂಗಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಈಗಲಾದರೂ ಇವನಿಗೆ ಹಾಡು ಅಂದರೇನೆಂದು ಗೊತ್ತಾಯಿತಲ್ಲ ಎಂದು ಸಣ್ಣಸ್ವಾಮಿಗೆ ತೃಪ್ತಿಯಾಯಿತು.

ಹಾಡು ಮುಗಿಯಿತು. ಮುತ್ತಮ್ಮನವರ ಕಣ್ಣು ಮಾತ್ರ ಒಣಗಿತ್ತು.

"ಚೆನ್ನಾಗಿ ಹಾಡವ್ನೆ ಕಣಪ್ಪ," ಎಂದರು. "ಆದ್ರೆ ಇದು ನಮ್ಮನೆಯೋರ ದನಿ ಅಲ್ಲ."

ಸಣ್ಣಸ್ವಾಮಿಯ ಕೈಯಲ್ಲಿದ್ದ ಮೈಕ್ ಅದನ್ನು ಊರಿಗೆಲ್ಲಾ ಕೇಳಿಸಿತು.

"ಆ ವರ್ಷ ಆಯುಧಪೂಜೆಗೆ ಅವ್ರಿಗೆ ಗಂಟಲು ಕಟ್ಟೋಗಿತ್ತು. ಜನ ಬಂದು ಕೂತ್ಬಿಟ್ಟಿದ್ರು. ಸಂತೇಲಿ ಅಪ್ಪನ ಜೊತೆ ತರಕಾರಿ ಮಾರ್ತಿದ್ದ ಹುಡುಗನ್ನ ಪರದೆ ಹಿಂದೆ ನಿಲ್ಸಿ ಹಾಡ್ಸಿದ್ರು. ಇವ್ರು ಮುಂದೆ ನಿಂತು ಬಾಯಿ ಆಡ್ಸಿದ್ರು, ಅಷ್ಟೇ. ಗಂಗ ಅಂತ ಅವನ ಹೆಸ್ರು."

ಎಲ್ಲರೂ ಕಂಬದ ಕಡೆ ತಿರುಗಿದರು.

"ಯಾರಿಗೂ ಹೇಳ್ಬೇಡ ಅಂದಿದ್ರು," ಎಂದ ಗಂಗಣ್ಣ, ಟವೆಲಿನೊಳಗಿಂದಲೇ. "ಹೇಳ್ಲಿಲ್ಲ."

"ಕೊನೆವರ್ಗೂ ಅವ್ರಿಗೆ ಅದೇ ಕೊರಗು," ಎಂದರು ಮುತ್ತಮ್ಮನವರು. "ಇವತ್ತು ಎಲ್ರ ಮುಂದೆ ನಿಂತು ಹಾಡಪ್ಪ."

ಕೆಂಚ ಇಂಜಿನ್ ಆಫ್ ಮಾಡಿದ. ಗಂಗಣ್ಣ ಹಾಡಿದ. ಒಡಕು ದನಿ ಒಡಕೇ. ಮೇಲಕ್ಕೆ ಹೋದಾಗ ಸೀಳಿತು, ಕೆಳಗಿಳಿದಾಗ ಕೆಮ್ಮಿತು. ಹೊರಗೆ ಮಲಗಿದ್ದ ನಾಯಿ ಎದ್ದು ಹೋಯಿತು. ಸಣ್ಣಸ್ವಾಮಿ ಕಣ್ಣು ಮುಚ್ಚಿ ಅದರೊಳಗೆ ತನ್ನ ಕಷ್ಟಕಾಲದ ಆ ದನಿಯನ್ನು ಹುಡುಕಿದ. ಎಲ್ಲೂ ಸಿಗಲಿಲ್ಲ. ಅವನ ಕಣ್ಣಿಂದ ನೀರು ಮಾತ್ರ ನಿಲ್ಲಲಿಲ್ಲ.

ಹಾಡು ಹೇಗೋ ಮುಗಿಯಿತು. ಜನ ಕಾಫಿ ಕಡೆ ಏಳುವವರಿದ್ದರು.

"ಒನ್ಸ್ ಮೋರ್!" ಎಂದು ಯಾರೋ ಮೈಕಿನಲ್ಲೇ ಕೂಗಿದರು. ಕೂಗಿದ್ದು ತಾನೇ ಎಂದು ಸಣ್ಣಸ್ವಾಮಿಗೆ ತಿಳಿದದ್ದು ಸಭೆಗೆ ಸಭೆಯೇ ಅವನ ಕಡೆ ತಿರುಗಿ ದುರುಗುಟ್ಟಿ ನೋಡಿದಾಗ. ಅಷ್ಟರಲ್ಲಿ ಗಂಗಣ್ಣ ಗಂಟಲು ಸರಿಮಾಡಿಕೊಂಡು ಶುರು ಮಾಡಿಯೇಬಿಟ್ಟಿದ್ದ.