ಕಲ್ಯಾಣದ ಭೂಮಿ ಜಾಸ್ತಿ ಎಳೆಯುತ್ತದೆ

ನನಗೆ ಸಿಟ್ಟು ಜಾಸ್ತಿ ಎಂದು ನಮ್ಮವರು ಕಂಡಕಂಡವರ ಮುಂದೆಲ್ಲ ಹೇಳುತ್ತಾರೆ. ಅದು ತಪ್ಪು. ನನ್ನ ಸಿಟ್ಟು ಜಾಸ್ತಿಯಲ್ಲ, ಬಾಳಿಕೆ ಬರುವಂಥದ್ದು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಾಲು ತುಳಿದವಳನ್ನು ಠಾಣೆ ಸ್ಟೇಶನ್ ಬರುವಷ್ಟರಲ್ಲಿ ಕ್ಷಮಿಸಿಬಿಡುತ್ತೇನೆ. ಮುಂದೆ ಅವಳಿಗೆ ಕೂರಲು ಜಾಗವನ್ನೂ ಬಿಟ್ಟುಕೊಡುತ್ತೇನೆ. ಆದರೆ ಒಂದು ಸಿಟ್ಟನ್ನು ಮಾತ್ರ ಹದಿನೈದು ವರ್ಷದಿಂದ ಉಪ್ಪಿನಕಾಯಿಯ ಭರಣಿಯಂತೆ, ಒದ್ದೆ ಚಮಚ ತಾಗದ ಹಾಗೆ ಜೋಪಾನ ಮಾಡಿದ್ದೇನೆ. ಅದು ನನ್ನ ಫಿಸಿಕ್ಸ್ ಪ್ರಾಕ್ಟಿಕಲ್ ಸರ್ ಮೇಲಿನ ಸಿಟ್ಟು.

ಎರಡು ಸಾವಿರದ ಆಚೀಚೆ ನಾನು ಡೊಂಬಿವಲಿಯಿಂದ ಕಲ್ಯಾಣದ ಕಾಲೇಜಿಗೆ ಬಿ.ಎಸ್‌ಸಿ. ಓದಲು ಹೋಗುತ್ತಿದ್ದೆ. ನಮ್ಮ ವಿಶ್ವವಿದ್ಯಾಲಯವೋ ಸಮುದ್ರದಂಥದ್ದು. ಅದರಡಿ ಎಷ್ಟು ಕಾಲೇಜುಗಳಿವೆ ಎಂದು ಅದಕ್ಕೇ ಗೊತ್ತಿದ್ದಂತೆ ಕಾಣಲಿಲ್ಲ. ಮೂರು ವರ್ಷದಲ್ಲಿ ನಾನು ಅದರ ಮುಖ್ಯ ಕಟ್ಟಡವನ್ನು ಕಂಡದ್ದು ಒಂದೇ ಸಲ, ಅದೂ ಒಂದು ಫಾರ್ಮಿಗಾಗಿ. ಆ ಫಾರ್ಮು ಅಲ್ಲಿ ಸಿಗಲಿಲ್ಲ. ಇಷ್ಟು ದೊಡ್ಡ ವ್ಯವಸ್ಥೆಯನ್ನು ಹಿಡಿದು ನಿಲ್ಲಿಸಿದ್ದು ಜರ್ನಲ್ ಎಂಬ ದಪ್ಪ ಪುಸ್ತಕ. ಮಾಡಿದ ಪ್ರಯೋಗಗಳನ್ನೆಲ್ಲ ಅದರಲ್ಲಿ ಬರೆದು, ಪ್ರತಿ ಪ್ರಯೋಗಕ್ಕೂ ಸರ್ ಕೈಯಿಂದ ಸಹಿ ಹಾಕಿಸಬೇಕು. ಒಂದೇ ಒಂದು ಸಹಿ ಕಡಿಮೆಯಿದ್ದರೂ ಪರೀಕ್ಷೆಯ ಬಾಗಿಲಲ್ಲೇ ತಡೆಯುತ್ತಾರೆ, ವರ್ಷ ಹೋಯಿತು.

ಹೀಗಾಗಿ ಅಲ್ಲೊಂದು ಪದ್ಧತಿ ಬೆಳೆದಿತ್ತು. ಹಿಂದಿನ ವರ್ಷದವರ ಜರ್ನಲ್ಲನ್ನು ಮುಂದಿನ ವರ್ಷದವರು ಪಡೆಯುವುದು. ಮೊದಲು ಗ್ರಾಫ್ ಬಿಡಿಸುವುದು, ಆಮೇಲೆ ಗ್ರಾಫ್ ನೋಡಿ ರೀಡಿಂಗ್ ಬರೆಯುವುದು, ಸಮಯ ಉಳಿದರೆ ಉಪಕರಣವನ್ನು ಒಮ್ಮೆ ಮುಟ್ಟುವುದು. ನನ್ನ ಗೆಳತಿ ವೈಶಾಲಿಗೆ ಸಿಕ್ಕಿದ್ದ ಜರ್ನಲ್ ಎಷ್ಟು ಕೈ ದಾಟಿ ಬಂದಿತ್ತೋ, ಅದರಲ್ಲಿ ಬಿದ್ದ ಚಹಾದ ಕಲೆಯನ್ನೊಂದು ಬಿಟ್ಟು ಉಳಿದುದನ್ನೆಲ್ಲ ಅವಳು ಭಕ್ತಿಯಿಂದ ಇಳಿಸಿಕೊಂಡಳು.

ನಾನು ಇಳಿಸಿಕೊಳ್ಳಲಿಲ್ಲ. ನನಗೆ ಫಿಸಿಕ್ಸ್ ಎಂದರೆ ಪ್ರಾಣ. ಎಂ.ಎಸ್‌ಸಿ. ಮಾಡಬೇಕು, ಆಮೇಲೆ ಸಂಶೋಧನೆ ಎಂದೆಲ್ಲ ಮನಸ್ಸಿನಲ್ಲೇ ಹಂಚಿಕೆ ಹಾಕಿಕೊಂಡಿದ್ದೆ. ಆ ದಿನದ ಪ್ರಯೋಗ ಲೋಲಕದ್ದು: ಕಬ್ಬಿಣದ ಪಟ್ಟಿಯನ್ನು ತೂಗಾಡಿಸಿ, ಇಪ್ಪತ್ತು ಓಲಾಟಕ್ಕೆ ಎಷ್ಟು ಹೊತ್ತು ಎಂದು ಅಳೆದು, ಭೂಮಿ ಎಷ್ಟು ಜೋರಾಗಿ ಎಳೆಯುತ್ತದೆ ಎಂದು ಕಂಡುಹಿಡಿಯುವುದು. ಉತ್ತರ ಒಂಬೈನೂರ ಎಂಬತ್ತರ ಹತ್ತಿರ ಬರಬೇಕು. ನನಗೆ ಬಂದದ್ದು ಸಾವಿರದ ಎಂಬತ್ತೈದು. ಮತ್ತೆ ಮಾಡಿದೆ. ಸಾವಿರದ ಎಂಬತ್ತೈದು. ಊಟ ಬಿಟ್ಟು ಮೂರನೇ ಸಲ ಮಾಡಿದೆ. ಅದೇ!

ಸರ್ ನೋಡಿದರು. "ಅಗಂ, ಜೀ ನೈನ್ ಏಟಿ ಅಸತೋ ನಾ!" ಎಂದರು. ಭೂಮಿಯ ಎಳೆತ ಒಂಬೈನೂರ ಎಂಬತ್ತಿರುತ್ತದಲ್ಲವೇನೇ ಎಂದು, ನಾನೇನೋ ಸೊಪ್ಪಿನ ದರ ತಪ್ಪು ಹೇಳಿದ ಹಾಗೆ.

"ಸರ್, ಮೂರು ಸಲವೂ ಇದೇ ಬಂದಿದೆ," ಎಂದೆ.

"ವೈಶಾಲಿಯದು ನೋಡಿ ಬರೆದುಕೊಂಡು ಬಾ. ಸಹಿ ಹಾಕ್ತೇನೆ."

ಇದೇ ಮಾತು! ಇದೇ ಮಾತು ನನ್ನ ನೆತ್ತಿಗೇರಿದ್ದು. ವಿಜ್ಞಾನದ ಮೇಷ್ಟ್ರ ಬಾಯಲ್ಲಿ ಬರುವ ಮಾತೇ ಇದು? ಹದಿನೈದು ದಿನ ನಾನು ಹಟ ಹಿಡಿದು ಕೂತೆ. ಕಲ್ಯಾಣದಲ್ಲಿ ಭೂಮಿ ಜಾಸ್ತಿ ಎಳೆಯುತ್ತಿರಬಹುದು, ಯಾಕಾಗಬಾರದು, ಸಂಜೆ ಸ್ಟೇಶನ್ ಮೆಟ್ಟಿಲು ಹತ್ತುವಾಗ ಎಲ್ಲರ ಕಾಲೂ ಭಾರವಾಗುವುದಿಲ್ಲವೇ ಎಂದು ಮನೆಯಲ್ಲಿ ವಾದಿಸಿದೆ. ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಅಪ್ಪ, "ಭೂಮಿ ಎಷ್ಟು ಬೇಕಾದ್ರೂ ಎಳ್ಕೊಳ್ಳಿ ಮಾರಾಯ್ತಿ, ನಮಗೆಂತ? ನೀನು ಸಹಿ ಹಾಕಿಸ್ಕೊಂಡು ಬಾ," ಎಂದರು.

ಕೊನೆಯ ದಿನ ವೈಶಾಲಿಯ ಮನೆಯಲ್ಲಿ ಕೂತು, ನನ್ನ ಪುಟವನ್ನು ಹೊಡೆದುಹಾಕಿ, ಅವಳದನ್ನು ಇಳಿಸಿಕೊಂಡೆ. ಮರುದಿನ ಸರ್ ಪುಟವನ್ನು ನೋಡಲೂ ಇಲ್ಲ. ಯಾರ ಜೊತೆಗೋ ಮಾತಾಡುತ್ತಲೇ ಸಹಿ ಗೀಚಿದರು. ನಾನು ಅಳಲಿಲ್ಲ, ಉರಿದುಹೋದೆ. ಪರೀಕ್ಷೆ ಪಾಸಾದೆ, ಎಂ.ಎಸ್‌ಸಿ. ಅರ್ಜಿಯನ್ನು ಹರಿದುಹಾಕಿದೆ. ಸುಳ್ಳಿಗೆ ಸಹಿ ಹಾಕುವ ಶಾಸ್ತ್ರ ನನಗೆ ಬೇಡವೆಂದು ಕಂಪ್ಯೂಟರ್ ಕೋರ್ಸ್ ಮಾಡಿ, ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ ಹಿಡಿದು, ಅಲ್ಲೇ ಫ್ಲಾಟ್ ಮಾಡಿಕೊಂಡೆ. ಸತ್ಯಕ್ಕಾಗಿ ಫಿಸಿಕ್ಸನ್ನೇ ಬಿಟ್ಟವಳು ನಾನು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾ ಬಂದೆ. ಹೇಳುವಾಗ ನನ್ನ ದನಿ ಈಗಲೂ ನಡುಗುತ್ತದೆ.

ಮೊನ್ನೆ ಆರನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಲೋಲಕದ ಪ್ರಾಜೆಕ್ಟ್ ಕೊಟ್ಟರು. ನನಗೆ ಹುಮ್ಮಸ್ಸೋ ಹುಮ್ಮಸ್ಸು. ಕಿಟಕಿಯ ಸರಳಿಗೆ ದಾರ ಕಟ್ಟಿ, ಸೂಟ್‌ಕೇಸಿನ ಬೀಗ ತೂಗುಬಿಟ್ಟೆ. ಅವಳ ಕೈಯಲ್ಲಿ ಮೊಬೈಲಿನ ಗಡಿಯಾರ, ಎಣಿಸುವುದು ನಾನು. ಬೀಗ ಬಿಟ್ಟು, "ಲಾಭ, ಎರಡು, ಮೂರು," ಎಂದು ಶುರು ಮಾಡಿದೆ.

ನಮ್ಮಲ್ಲಿ ಎಣಿಸುವುದೇ ಹಾಗೆ. ಅಪ್ಪ ಸ್ಟೋರ್‌ರೂಮಿನಲ್ಲಿ ಅಕ್ಕಿ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಇನ್ನು ಸೊನ್ನೆಯಿಂದ ಶುರು ಮಾಡುವುದಂತೂ ಶುದ್ಧ ಅಪಶಕುನ.

ಮಗಳು ಗಡಿಯಾರ ನಿಲ್ಲಿಸಿದಳು. "ಮಮ್ಮಿ, ಅಭೀ ತೋ ಛೋಡಾ ಹೈ. ಏಕ್ ಕಹಾಂ ಹುವಾ?" ಎಂದಳು. ಈಗ ತಾನೇ ಬಿಟ್ಟದ್ದು, ಅಷ್ಟರಲ್ಲೇ ಒಂದು ಹೇಗಾಯಿತು ಎಂದು.

ಬೀಗ ತನ್ನ ಪಾಡಿಗೆ ತೂಗುತ್ತಿತ್ತು. ಅಕ್ಕಿಗಾದರೆ ಸರಿ, ಮೊದಲ ಸೇರು ಬಿದ್ದೊಡನೆ ಲಾಭವೇ. ಆದರೆ ಲೋಲಕ ಹೋಗಿ ಬಂದ ಮೇಲಲ್ಲವೇ ಒಂದು? ಹಾಗಾದರೆ ಕಾಲೇಜಿನಲ್ಲೂ ನಾನು ಇಪ್ಪತ್ತು ಎಂದಾಗ ಅದು ತೂಗಿದ್ದು ಹತ್ತೊಂಬತ್ತೇ. ಅಟ್ಟದಿಂದ ಹಳೆಯ ಜರ್ನಲ್ ಇಳಿಸಿದೆ. ಹೊಡೆದುಹಾಕಿದ ಆ ಪುಟದ ಅಂಕಿಗಳಿಗೆ ಇಪ್ಪತ್ತರ ಬದಲು ಹತ್ತೊಂಬತ್ತು ಹಾಕಿ ಲೆಕ್ಕ ಮಾಡಿದೆ. ಒಂಬೈನೂರ ಎಪ್ಪತ್ತೊಂಬತ್ತು ಚಿಲ್ಲರೆ ಬಂತು.

ಅಯ್ಯೋ ದೇವರೇ! ಮೂರು ಸಲವೂ ಎಷ್ಟು ಚೆನ್ನಾಗಿ ಅಳೆದಿದ್ದೆನಲ್ಲ! ಊಟ ಬಿಟ್ಟು ಅಳೆದಿದ್ದ ಆ ಕಾಲೇಜು ಹುಡುಗಿಯನ್ನು ನೆನೆದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಸಿಟ್ಟು ಮೊದಲಿಗಿಂತ ಜೋರಾಗಿ ಬಂತು. "ಬಾ ಇಲ್ಲಿ, ನನ್ನೆದುರು ಒಮ್ಮೆ ಎಣಿಸು," ಎಂದು ಆ ಮನುಷ್ಯ ಹೇಳಿದ್ದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ. ಆರನೇ ಕ್ಲಾಸಿನ ಮಗುವಿಗೆ ಹೊಳೆದದ್ದು ಅವರಿಗೆ ಹೊಳೆಯಲಿಲ್ಲವೇ? ಇಪ್ಪತ್ತು ಸಲ ಹೀಗೆ ಕೂಗಾಡಿದೆ. ಹಾಗಾದರೆ ನಿನಗೇಕೆ ಹೊಳೆಯಲಿಲ್ಲ ಎಂದು ಮಗಳು ಕೇಳಲಿಲ್ಲ. ಕೇಳುವ ಮೊದಲೇ ಅವಳಿಗೆ ಐಸ್‌ಕ್ರೀಮ್ ಕೊಡಿಸಿ, "ಪಪ್ಪಂಗೆ ಹೇಳ್ಬೇಡ," ಎಂದಿದ್ದೆ.

ಕಳೆದ ಭಾನುವಾರ ನಮ್ಮವರ ಸ್ನೇಹಿತರು ಹೆಂಡತಿಯೊಡನೆ ಊಟಕ್ಕೆ ಬಂದಿದ್ದರು. ಮಜ್ಜಿಗೆಗೆ ಬರುವಷ್ಟರಲ್ಲಿ ನಮ್ಮವರು, "ಇವಳ ಕಾಲೇಜಿನ ಕತೆ ಕೇಳಿದ್ದೀರಾ? ಸತ್ಯ ಬರೆದದ್ದಕ್ಕೆ ಸಹಿ ಹಾಕ್ಲಿಲ್ಲ ಅಂತೆ!" ಎಂದು ಹೆಮ್ಮೆಯಿಂದ ಎತ್ತಿಕೊಟ್ಟರು. ಎಲ್ಲರೂ ನನ್ನತ್ತ ತಿರುಗಿದರು. ಮಗಳೂ ಅನ್ನ ಕಲಸುವುದನ್ನು ನಿಲ್ಲಿಸಿ ನೋಡಿದಳು. ನಾನು ಅವಳ ಕಡೆಗೊಂದು ಹಪ್ಪಳ ಸರಿಸಿ, "ಮೂರು ಸಲ ಮಾಡಿದೆ ನೋಡಿ, ಮೂರು ಸಲವೂ ಸಾವಿರದ ಎಂಬತ್ತೈದು," ಎಂದು ಶುರು ಮಾಡಿದೆ. ದನಿ ನಡುಗಬೇಕಾದಲ್ಲೆಲ್ಲ ಸರಿಯಾಗಿಯೇ ನಡುಗಿತು.