ಒಂದೇ ಡಬ್ಬಿಯ ರೈಲಿನಲ್ಲಿ ನಮ್ಮ ಅತ್ತೆ

ನಮ್ಮ ಮನೆಯವರು ಎಲ್ಲಿಗಾದರೂ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದು ನನಗೆ ನೆನಪಿಲ್ಲ. ಮಸ್ಕತ್ತಿನ ಅಲ್ ಖುವೈರ್‌ನ ನಮ್ಮ ಫ್ಲ್ಯಾಟಿನಿಂದ ಇಳಿದು ಕೆಳಗಿನ ಅಂಗಡಿಗೆ ಕೊತ್ತಂಬರಿ ತರಲು ಹೋದರೂ ಏನಾದರೊಂದು ಆಗಿಯೇ ತೀರುತ್ತದೆ. ಇನ್ನು ಜಪಾನಿನ ಹಳ್ಳಿಗಾಡಿನಲ್ಲಿ ಒಂಬತ್ತು ದಿನ ರೈಲಿನಲ್ಲಿ ಸುತ್ತಿ ಬಂದರೆ ಕೇಳಬೇಕೆ?

ನಾವು ನಾಲ್ಕು ಜನ. ನಾನು ಮಸ್ಕತ್ತಿನಲ್ಲಿ ಲಿಫ್ಟ್ ನಿರ್ವಹಣೆ ಮಾಡುವ ಕಂಪನಿಯೊಂದರ ಇಂಜಿನಿಯರು. ಹೆಂಡತಿ ಅಲ್ ಅಜೈಬಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಗಳು ಐದನೇ ಕ್ಲಾಸು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನಾಲ್ಕನೆಯವರು ಗದಗಿನಿಂದ ಬಂದು ಮೂರು ವರ್ಷದಿಂದ ನಮ್ಮ ಜೊತೆಗಿರುವ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಬರಬೇಕು ಅಂತ ಅವರಿಗೆ ಅನ್ನಿಸಿಯೂ ಇಲ್ಲ.

ಭತ್ತದ ಗದ್ದೆಗಳ ನಡುವೆ ಒಂದೇ ಡಬ್ಬಿಯ ರೈಲು ಹೋಗುವ ವೀಡಿಯೊ ಒಂದನ್ನು ಮಗಳು ನೋಡಿದ್ದಳು. ಒಮಾನಿನಲ್ಲಿ ಜನ ಕೂತು ಹೋಗುವ ರೈಲೇ ಇಲ್ಲ. ಹಟ ಹಿಡಿದಳು. ಈದ್ ರಜೆಗೆ ಹೋಗೋಣ ಅಂತಾಯಿತು.

ರಜೆಯ ಅರ್ಜಿ

ನಮ್ಮ ಮ್ಯಾನೇಜರ್ ಒಮಾನಿ. ಒಳ್ಳೆಯ ಮನುಷ್ಯ. ಈದ್ ರಜೆಗೆ ನಾಲ್ಕು ದಿನ ಸೇರಿಸಿ ಕೊಡಿ ಎಂದು ಅರ್ಜಿ ಹಿಡಿದು ಅವನ ಮುಂದೆ ನಿಂತೆ.

"ಜಪಾನಾ? ಟೋಕಿಯೊ ನೋಡೋಕಾ?" ಎಂದ.

"ಇಲ್ಲ. ಟೋಕಿಯೊದಲ್ಲಿ ಇಳಿದು ಮರುದಿನವೇ ಹಳ್ಳಿ ಕಡೆ ಹೋಗ್ತೀವಿ."

"ಹಳ್ಳಿಯಲ್ಲಿ ಏನಿದೆ?"

"ರೈಲು."

"ಓ! ಆ ಬುಲೆಟ್ಟಿನ ಹಾಗೆ ಓಡ್ತದಲ್ಲ, ಅದಾ?"

"ಅಲ್ಲ, ಇದು ನಿಧಾನ ಹೋಗೋದು. ಒಂದೇ ಡಬ್ಬಿ. ಎಲ್ಲಾ ಸ್ಟೇಷನ್ನಿನಲ್ಲೂ ನಿಲ್ತದೆ."

"ಸ್ಟೇಷನ್ನಿನಲ್ಲಿ ಏನಿದೆ?"

"ಏನೂ ಇಲ್ಲ. ಕೆಲವು ಕಡೆ ಮನುಷ್ಯರೂ ಇರಲ್ಲ."

ಅವನು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ಆ ತಿಂಗಳು ನಮಗೆ ಕೆಲಸ ಜಾಸ್ತಿ ಇತ್ತು, ಮೂರು ಕಟ್ಟಡಗಳ ಲಿಫ್ಟು ಒಂದೇ ವಾರದಲ್ಲಿ ಕೆಟ್ಟಿದ್ದವು. ಕೊನೆಗೆ ಮೆತ್ತಗೆ ಹೇಳಿದ: "ಖಲಾಸ್, ಆಯ್ತು ಬಿಡು. ನಾಲ್ಕಲ್ಲ, ಆರು ದಿನ ತಗೋ. ನಿನಗೆ ವಿಶ್ರಾಂತಿ ಬೇಕಾಗಿದೆ."

ಬಾಗಿಲು

ಮೊದಲನೇ ಹಳ್ಳಿ ಸ್ಟೇಷನ್ನು. ಒಂದು ಪ್ಲಾಟ್‌ಫಾರ್ಮು, ಒಂದು ಬೆಂಚು, ಸುತ್ತ ಗದ್ದೆ. ನಾವು ಇಪ್ಪತ್ತು ನಿಮಿಷ ಮುಂಚೆಯೇ ಹೋಗಿ, ನೆಲದ ಮೇಲೆ ಬರೆದಿದ್ದ ಗೆರೆಯ ಹಿಂದೆ ಸಾಲಾಗಿ ನಿಂತೆವು. ಜಪಾನಿನಲ್ಲಿ ಶಿಸ್ತು ಮುಖ್ಯ ಎಂದು ಎಲ್ಲರಿಗೂ ನಾನೇ ಪಾಠ ಹೇಳಿದ್ದೆ.

ರೈಲು ಬಂತು. ಬಾಗಿಲು ಸರಿಯಾಗಿ ನಮ್ಮ ಎದುರಿಗೇ ನಿಂತಿತು. ನಾವು ಕಾದೆವು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನಮ್ಮನ್ನು ನೋಡಿದ. ನಾನು ತಲೆ ಬಾಗಿಸಿ ನಮಸ್ಕಾರ ಮಾಡಿದೆ. ಅವನೂ ತಲೆ ಬಾಗಿಸಿದ. ಹೆಂಡತಿ ಬಾಗಿದಳು. ಅವಳಿಗೂ ಬಾಗಿದ. ಅತ್ತೆ ಕೈ ಮುಗಿದರು. ಅವರಿಗೆ ಇನ್ನೂ ಸ್ವಲ್ಪ ಜಾಸ್ತಿಯೇ ಬಾಗಿದ. ಆಮೇಲೆ ಗಡಿಯಾರ ನೋಡಿಕೊಂಡು, ರೈಲು ಬಿಟ್ಟುಕೊಂಡು ಹೋದ.

ಬಾಗಿಲು ತೆರೆಯಲೇ ಇಲ್ಲ.

"ನಮ್ಮನ್ನ ನೋಡಿ ಹತ್ತಿಸಿಕೊಳ್ಳಲಿಲ್ಲೇನ್ರೀ?" ಹೆಂಡತಿಗೆ ಬೇಜಾರಾಯಿತು.

"ಇಲ್ಲ ಬಿಡವಾ, ನಮಸ್ಕಾರ ಮಾಡಿದ್ನಲ್ಲ," ಎಂದರು ಅತ್ತೆ. "ಒಳಗ ಜಾಗಾ ಇರಾಕಿಲ್ಲ." ಒಳಗೆ ಒಟ್ಟು ಎರಡು ಜನ ಕೂತಿದ್ದರು.

ಮುಂದಿನ ರೈಲು ಎರಡು ಗಂಟೆ ಬಿಟ್ಟು. ಅಷ್ಟರಲ್ಲಿ ಬೆನ್ನು ಬಾಗಿದ ಒಬ್ಬ ಮುದುಕಿ ಕೋಲೂರಿಕೊಂಡು ಬಂದು ನಮ್ಮ ಪಕ್ಕ ನಿಂತಳು. ರೈಲು ಬಂತು. ಬಾಗಿಲ ಪಕ್ಕದಲ್ಲಿ ಅಂಗೈ ಅಗಲದ ಒಂದು ಬಟನ್ ಇತ್ತು. ಮುದುಕಿ ಕೋಲಿನ ತುದಿಯಿಂದ ಅದನ್ನು ಒತ್ತಿದಳು. ಬಾಗಿಲು ತೆರೆಯಿತು.

ಹೆಂಡತಿ ಹತ್ತುವಾಗ ನನ್ನ ಕಡೆ ತಿರುಗಿ ಕೇಳಿದ್ದು ಇಷ್ಟೇ: "ರೀ, ಮಸ್ಕತ್ತಿನಾಗ ನೀವು ದಿನಾ ಏನ್ ರಿಪೇರಿ ಮಾಡ್ತೀರಿ?"

ಬೆರಳು

ಆ ರೈಲುಗಳಲ್ಲಿ ಡ್ರೈವರಿನ ಹಿಂದೆ ಒಂದು ಗಾಜು ಮಾತ್ರ. ಅತ್ತೆಗೆ ಅಲ್ಲೇ ನಿಂತು ದಾರಿ ನೋಡುವ ಹುಚ್ಚು ಹತ್ತಿತು. ಮೊದಲ ದಿನವೇ ಅವರು ಗಾಬರಿಯಿಂದ ನನ್ನ ಹತ್ತಿರ ಬಂದರು.

"ಅಳಿಯಾರ, ಡ್ರೈವರಗ ಏನೋ ಆಗೇತಿ. ತನ್ನಷ್ಟಕ್ಕ ತಾನ ಮಾತಾಡಾಕತ್ತಾನ. ಗಾಳ್ಯಾಗ ಬೆರಳು ತೋರಸ್ತಾನ."

ನಾನು ಹೋಗಿ ನೋಡಿದೆ. ಸಿಗ್ನಲ್ ಬಂದಾಗ ಅವನು ಬಿಳಿ ಕೈಗವಸಿನ ಬೆರಳು ತೋರಿಸಿ, ಅದರ ಬಣ್ಣವನ್ನು ಗಟ್ಟಿಯಾಗಿ ಹೇಳುತ್ತಿದ್ದ. ಸ್ಟೇಷನ್ ಬಂದರೆ ಗಡಿಯಾರಕ್ಕೆ ಬೆರಳು. ಬಾಗಿಲು ಮುಚ್ಚಿದರೆ ಬಾಗಿಲಿಗೆ ಬೆರಳು. ಕಣ್ಣು ನೋಡಿದ್ದನ್ನು ಕೈ ತೋರಿಸಿ ಬಾಯಿ ಹೇಳಿದರೆ ತಪ್ಪಾಗುವುದಿಲ್ಲ ಎನ್ನುವುದು ಅವರ ಪದ್ಧತಿ ಎಂದು ಅತ್ತೆಗೆ ವಿವರಿಸಿದೆ. ಅವರು ಬಹಳ ಮೆಚ್ಚಿಕೊಂಡರು. ನಾಲ್ಕನೇ ದಿನದ ಹೊತ್ತಿಗೆ ಡ್ರೈವರು ಬೆರಳು ತೋರಿಸಿದರೆ ಗಾಜಿನ ಈಚೆಯಿಂದ ಅತ್ತೆಯೂ ತೋರಿಸತೊಡಗಿದರು.

ಮಸ್ಕತ್ತಿಗೆ ವಾಪಸು ಬಂದ ಮೊದಲ ಶುಕ್ರವಾರ ಕಾರಿನಲ್ಲಿ ವಾದಿ ಅದಾಯ್ ಬಡಾವಣೆಯ ಕಡೆ ಹೊರಟಿದ್ದೆವು. ಮುಂದಿನ ಸೀಟಿನಲ್ಲಿ ಅತ್ತೆ. ಹೈವೇಗೆ ಬಂದ ಕೂಡಲೇ ಬೆರಳು ಎದ್ದಿತು.

"ಕ್ಯಾಮೆರಾ ಐತಿ!"

ನಾನು ವೇಗ ಇಳಿಸಿದೆ.

"ಬಲಕ್ಕ ಲಾರಿ ಐತಿ! ಮುಂದ ಹಸುರು ಐತಿ! ಹಸುರು ಹೋತು, ಕೆಂಪು ಐತಿ!"

ಸಿಗ್ನಲ್ಲಿನಲ್ಲಿ ನಿಂತೆವು. ಪಕ್ಕದಲ್ಲಿ ಪೊಲೀಸ್ ಗಾಡಿ. ಅತ್ತೆ ನೇರ ಅವರ ಮುಖಕ್ಕೇ ಬೆರಳು ತೋರಿಸಿ, ಕಾರಿನ ಗಾಜು ನಡುಗುವ ಹಾಗೆ ಹೇಳಿದರು:

"ಪೊಲೀಸ್ರು ಅದಾರ! ಬೆಲ್ಟ್ ಹಾಕ್ಕೊಂಡಿಲ್ಲ!"

ಕನ್ನಡ ಅವರಿಗೆ ಎಲ್ಲಿ ಅರ್ಥವಾಗಬೇಕು? ಆದರೆ ಒಬ್ಬ ಪೊಲೀಸಿನವನು ಬೆರಳು ಹೋದ ಕಡೆ ನೋಡಿಕೊಂಡು, ಸುಮ್ಮನೆ ಬೆಲ್ಟ್ ಹಾಕಿಕೊಂಡ.

ಬೆಂಚಿನ ಮೇಲಿನವರು

ಐದನೇ ದಿನ ಬೆಟ್ಟದ ನಡುವಿನ ಒಂದು ಸ್ಟೇಷನ್ನಿನಲ್ಲಿ ಇಳಿದೆವು. ಜಲಪಾತ ನೋಡುವುದಿತ್ತು. ದಾರಿ ಕೇಳಲು ಯಾರೂ ಇಲ್ಲ. ದೂರದ ಬೆಂಚಿನ ಮೇಲೆ ಮಾತ್ರ ಒಬ್ಬ ಹಿರಿಯರು ಕೂತಿದ್ದರು. ಹ್ಯಾಟು, ಮಫ್ಲರು, ಮೂಗಿನ ತನಕ ಮಾಸ್ಕು. ಅತ್ತೆಗೆ ಮಂಡಿನೋವು, ಹೋಗಿ ಅವರ ಪಕ್ಕ ಕೂತುಬಿಟ್ಟರು. ನಾನು, ಹೆಂಡತಿ ಮತ್ತು ಮಗಳು ಸ್ಟೇಷನ್ನಿನ ಹೊರಗಿದ್ದ ನಕ್ಷೆಯ ಬೋರ್ಡನ್ನು ಓದಲು ಒದ್ದಾಡಿ ಹತ್ತು ನಿಮಿಷದ ನಂತರ ವಾಪಸು ಬಂದೆವು.

ಅತ್ತೆಯ ಮಾತು ಆಗ ಮಂಡಿಯಿಂದ ಹೊರಟು, ಗದಗಿನ ಡಾಕ್ಟರನ್ನು ದಾಟಿ, ನನ್ನ ಮದುವೆಗೆ ಬಂದಿತ್ತು. ನಾನು ಹಿರಿಯರ ಮುಂದೆ ನಿಂತು ಬಾಗಿ, ಫೋನಿನಲ್ಲಿ ಜಲಪಾತದ ಚಿತ್ರ ತೋರಿಸಿದೆ. ಉತ್ತರವಿಲ್ಲ. ಕಡಿಮೆ ಬಾಗಿದೆನೇನೋ ಅಂದುಕೊಂಡು ಇನ್ನಷ್ಟು ಬಾಗಿದೆ. ಆಗಲೂ ಇಲ್ಲ.

ಮಗಳು ಹತ್ತಿರ ಬಂದು ನೋಡಿ, "ಅಪ್ಪಾ, ಹಿಸ್ ಐಸ್ ಆರ್ ಬಟನ್ಸ್," ಎಂದಳು.

ಕಣ್ಣಿನ ಜಾಗದಲ್ಲಿ ಗುಂಡಿ ಹೊಲಿದ ಬಟ್ಟೆಯ ಗೊಂಬೆ. ಊರಿನಲ್ಲಿ ಜನ ಕಡಿಮೆಯಾಗಿದ್ದಾರೆಂದು ಉಳಿದವರು ಇಂಥ ಗೊಂಬೆಗಳನ್ನು ಮಾಡಿ ಅಲ್ಲಲ್ಲಿ ಕೂರಿಸಿದ್ದರಂತೆ. ಮುಂದೆ ಹೋದಂತೆ ಗದ್ದೆಯಲ್ಲಿ ಇಬ್ಬರು, ಬಸ್ ಸ್ಟಾಪಿನಲ್ಲಿ ನಾಲ್ವರು ಸಿಕ್ಕಿದರು.

ಅತ್ತೆಗೆ ಮುಜುಗರವಾಗಿರಬೇಕು ಎಂದು ನಾವ್ಯಾರೂ ಆ ಮಾತು ಎತ್ತಲಿಲ್ಲ. ಅರ್ಧ ದಾರಿ ನಡೆದ ಮೇಲೆ ಅವರೇ ಹೇಳಿದರು:

"ಗೊಂಬಿ ಆದ್ರೇನಾತು? ನಿಮ್ಮ ಮಾವನವರ ಕೂಡ ನಲವತ್ತು ವರ್ಷ ಮಾತಾಡೀನಿ. ನಡುವ ಬಾಯಿ ಹಾಕದ ಇಷ್ಟು ಕೇಳಿದ ಗಂಡಸು ಇವನೊಬ್ಬನ."

ಕೊಟ್ಟು ತೀರಿಸುವುದು

ನಾವು ಸಸ್ಯಾಹಾರಿಗಳು, ಅಲ್ಲಿ ಸಾರಿಗೂ ಮೀನಿನ ಪುಡಿ. ಹೀಗಾಗಿ ಒಂದು ಚೀಲ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಂಟಿನ ಉಂಡೆ ಹೊತ್ತುಕೊಂಡೇ ಹೋಗಿದ್ದೆವು. ಮಧ್ಯಾಹ್ನ ರೈಲಿನಲ್ಲಿ ಚೀಲ ಬಿಚ್ಚಿದೆವು. ಎದುರಿನ ಸೀಟಿನಲ್ಲಿ ಅತ್ತೆಯ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ತಾವಷ್ಟೇ ತಿನ್ನುವುದು ಅತ್ತೆಯಿಂದ ಆಗದ ಕೆಲಸ. ಒಂದು ರೊಟ್ಟಿಗೆ ಚಟ್ನಿ ಹಚ್ಚಿ ಕೊಟ್ಟರು.

ಆಕೆ ಎರಡೂ ಕೈ ಚಾಚಿ ತೆಗೆದುಕೊಂಡರು, ತಿಂದರು, ಖಾರಕ್ಕೆ ಕಣ್ಣು ಒರೆಸಿಕೊಂಡರು. ಆಮೇಲೆ ತಮ್ಮ ಚೀಲದಿಂದ ನಾಲ್ಕು ಕಿತ್ತಳೆ ತೆಗೆದು ಅತ್ತೆಯ ಮಡಿಲಿಗೆ ಹಾಕಿದರು.

"ನಾನು ಒಂದು ರೊಟ್ಟಿ ಕೊಟ್ಟರ ನಾಲ್ಕು ಹಣ್ಣೇನು!" ಅತ್ತೆಗೆ ತಡೆಯಲಿಲ್ಲ. ಎರಡು ಉಂಡೆ ಕೊಟ್ಟರು. ಆಕೆ ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟರು. ಅತ್ತೆ ಚಟ್ನಿಯ ಡಬ್ಬಿಯನ್ನೇ ಕೊಟ್ಟರು. ಆಕೆ ಕಾಗದ ಮಡಚಿ ಮಾಡಿದ ಕೊಕ್ಕರೆ, ಆಮೇಲೆ ಒಂದು ಕರವಸ್ತ್ರ, ಆಮೇಲೆ ಹೊಸ ಕಾಲುಚೀಲ ಕೊಟ್ಟರು. ಇಬ್ಬರೂ ಒಬ್ಬರಿಗೊಬ್ಬರು ಬಾಗುತ್ತಿದ್ದರು. ಇಬ್ಬರ ಮುಖದಲ್ಲೂ ಸೋಲಬಾರದು ಎನ್ನುವ ಹಟ.

"ಸಾಕು ಬಿಡವಾ," ಎಂದಳು ಹೆಂಡತಿ.

"ಸುಮ್ನಿರು. ಗದಗದವರಂದ್ರ ಏನ್ ತಿಳ್ಕೋಬೇಕು?"

ಆಕೆಯ ಸ್ಟೇಷನ್ ಬಂತು. ಅತ್ತೆ ಕೊನೆಯ ಘಳಿಗೆಯಲ್ಲಿ ತಮ್ಮ ಹೊಸ ಶಾಲನ್ನು ಆಕೆಯ ಹೆಗಲಿಗೆ ಹೊದಿಸಿ, ಗೆದ್ದವರ ಹಾಗೆ ಸೀಟಿಗೆ ಬಂದು ಕೂತರು. ಆಕೆ ಇಳಿದರು. ಪ್ಲಾಟ್‌ಫಾರ್ಮಿನಲ್ಲಿ ಆಕೆಯ ಮಗನಿರಬೇಕು, ಒಬ್ಬ ತರಕಾರಿ ಬುಟ್ಟಿ ಹಿಡಿದು ಕಾಯುತ್ತಿದ್ದ. ಆಕೆ ಬುಟ್ಟಿಗೆ ಕೈ ಹಾಕಿ, ಡ್ರೈವರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಕಿಟಕಿಯಿಂದ ಒಂದು ಮೂಲಂಗಿ ಒಳಗೆ ನೂಕಿದರು. ನನ್ನ ತೋಳಿನಷ್ಟು ಉದ್ದ, ತೊಡೆಯಷ್ಟು ದಪ್ಪ. ರೈಲು ಹೊರಟೇಬಿಟ್ಟಿತು.

ಮೂರು ದಿನ ಆ ಮೂಲಂಗಿಯನ್ನು ನಾನೇ ಹೊತ್ತು ತಿರುಗಿದೆ. ಅತ್ತೆಗೆ ಮೂರು ದಿನವೂ ಒಂದೇ ಚಿಂತೆ: "ಆಕಿ ಊರಿನ ಹೆಸರು ಏನಂತ ಬರ್ಕೊಂಡ್ರೇನು?"

ಕಳೆದುಹೋದವರು

ಎಂಟನೇ ದಿನ ಬಿಸಿನೀರಿನ ಬುಗ್ಗೆ ಇರುವ ಊರಿಗೆ ಹೊರಟಿದ್ದೆವು. ಅವತ್ತಿನ ರೈಲಿಗೆ ಎರಡು ಡಬ್ಬಿ. ಅತ್ತೆ ಡ್ರೈವರನ್ನು ನೋಡಬೇಕೆಂದು ಮೊಮ್ಮಗಳ ಜೊತೆ ಮುಂದಿನ ಡಬ್ಬಿಯಲ್ಲಿ ಕೂತರು. ನಾನು ಮತ್ತು ಹೆಂಡತಿ ಹಿಂದಿನ ಕಿಟಕಿಯಿಂದ ಫೋಟೊ ತೆಗೆಯಲು ಹಿಂದಿನ ಡಬ್ಬಿಗೆ ಬಂದೆವು.

ಒಂದು ಜಂಕ್ಷನ್ನಿನಲ್ಲಿ ರೈಲು ನಿಂತಿತು. ಮೈಕಿನಲ್ಲಿ ಏನೋ ಹೇಳಿದರು. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಕುಲುಕಾಟ. ಹೆಂಡತಿ ಮುಂದೆ ನೋಡಿ, "ರೀ, ಆ ಡಬ್ಬಿ ನಮ್ಮನ್ನ ಬಿಟ್ಟು ಹೊಂಟೈತಿ!" ಎಂದಳು.

ಹೌದು, ಮುಂದಿನ ಡಬ್ಬಿ ಒಂದೇ ಹೋಗುತ್ತಿತ್ತು. ಬಾಗಿಲ ಕಡೆ ಓಡುವಷ್ಟರಲ್ಲಿ ನಮ್ಮ ಡಬ್ಬಿಯೂ ಹೊರಟಿತು. ಸಮಾಧಾನವಾಯಿತು, ಹಿಂದೆ ಹಿಂದೆಯೇ ಹೋಗುತ್ತದಲ್ಲ ಎಂದು. ಆದರೆ ಅದು ಎಡಕ್ಕೆ ಹೋಯಿತು, ನಮ್ಮದು ಬಲಕ್ಕೆ.

ಅತ್ತೆಯ ಹತ್ತಿರ ಫೋನಿಲ್ಲ. ಮಗಳ ಹತ್ತಿರವೂ ಇಲ್ಲ. ನಾಲ್ವರಿಗೂ ಸೇರಿ ತೆಗೆದುಕೊಂಡಿದ್ದ ಇಂಟರ್ನೆಟ್ಟಿನ ಸಣ್ಣ ಪೆಟ್ಟಿಗೆ ಮಗಳ ಚೀಲದಲ್ಲಿತ್ತು. ಆದ್ದರಿಂದ ನಮ್ಮ ಫೋನುಗಳು ಇದ್ದೂ ಇಲ್ಲದ ಹಾಗೆ. ಹೆಂಡತಿ ಅಳತೊಡಗಿದಳು. ನನ್ನ ಕಣ್ಣ ಮುಂದೆ ಭಾಷೆ ಬಾರದ ಅರವತ್ತೆಂಟರ ಅತ್ತೆ, ಹತ್ತು ವರ್ಷದ ಮಗಳು, ಖಾಲಿ ಪ್ಲಾಟ್‌ಫಾರ್ಮು. ಜಂಕ್ಷನ್ನಿನಲ್ಲಿ ನಮ್ಮ ಡಬ್ಬಿಗೆ ಹತ್ತಿದ್ದ ಬೇರೆ ಡ್ರೈವರಿಗೆ ಕೈಸನ್ನೆ ಮಾಡಿದೆ. ಅವನು ಅರ್ಥ ಮಾಡಿಕೊಂಡವನ ಹಾಗೆ ತಲೆಯಾಡಿಸಿ, ಕೊನೆಯ ಸ್ಟೇಷನ್ನಿನ ತನಕ ಕರೆದುಕೊಂಡು ಹೋದ. ನಲವತ್ತು ನಿಮಿಷ. ಸಮುದ್ರದ ದಂಡೆ, ಒಂದು ಆಫೀಸು, ಒಬ್ಬ ಸ್ಟೇಷನ್ ಮಾಸ್ತರು.

ಮುರುಕು ಇಂಗ್ಲಿಷಿನಲ್ಲಿ ಹೇಳಿದೆ: "ಮದರ್ ಇನ್ ಲಾ. ಡಾಟರ್. ಲಾಸ್ಟ್!"

ಮಾಸ್ತರು ನನ್ನನ್ನೇ ದಿಟ್ಟಿಸಿ ನೋಡಿ, ಒಂದು ಬೆರಳೆತ್ತಿ ತಾಳಿ ಎಂದರು. ಒಳಗೆ ಹೋಗಿ ಎಲ್ಲಿಗೋ ಫೋನ್ ಹಚ್ಚಿ, ರಿಸೀವರನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ಅತ್ತೆ!

"ಅಳಿಯಾರ, ನೀವ ಏನು? ಗಾಬರಿ ಆಗಬ್ಯಾಡ್ರಿ. ನಾವು ಊರಿಗೆ ಮುಟ್ಟೇವಿ, ಇಲ್ಲಿ ಆಫೀಸಿನ್ಯಾಗ ಚಾ ಕುಡಿಯಾಕತ್ತೇವಿ. ನೀವಿಬ್ರು ಕಳದೀರಿ ಅಂತ ನಾನ ಹೇಳೀನಿ, ಎಲ್ಲಾ ಸ್ಟೇಷನ್ನಿಗೂ ಸುದ್ದಿ ಹೋಗೇತಿ. ಈಗ ಅಲ್ಲೇ ಕೂಡ್ರಿ. ಎಲ್ಲೂ ಅಡ್ಡಾಡಬ್ಯಾಡ್ರಿ. ಯಾರರ ಕರದ್ರ ಅವರ ಹಿಂದ ಹೋಗಬ್ಯಾಡ್ರಿ."

"ಆತ್ರೀ ಅತ್ತಿ," ಎಂದೆ. ಬೇರೆ ಏನು ಹೇಳಲಿ? ತಪ್ಪು ಡಬ್ಬಿಯಲ್ಲಿ ಕೂತವರು ನಾವೇ ಆಗಿದ್ದೆವು.

ಹೆಂಡತಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಮಾಸ್ತರು ಫ್ಯಾಕ್ಸ್ ಮಷೀನಿನಿಂದ ಒಂದು ಹಾಳೆ ತಂದು ಮೇಜಿನ ಮೇಲೆ ಹರಡಿದರು. ಕಳೆದುಹೋದವರ ಗುರುತು ಸಿಗಲೆಂದು ಮಗಳು ಬರೆದ ಚಿತ್ರ. ಹೆಂಡತಿಯನ್ನು ಉದ್ದ ಜಡೆ, ದೊಡ್ಡ ಕಣ್ಣು ಹಾಕಿ ಚಂದ ಬರೆದಿದ್ದಳು. ಪಕ್ಕದಲ್ಲಿ ನಾನು. ತಲೆಯ ಮೇಲೆ ಮೂರು ಕೂದಲು, ಒಂದು ಮೀಸೆ, ಉಳಿದ ಜಾಗವೆಲ್ಲ ಹೊಟ್ಟೆ. ಹೊಟ್ಟೆಗೆ ಹಾಳೆ ಸಾಲದೆ ಗೆರೆ ಅಂಚಿನಿಂದ ಆಚೆ ಹೋಗಿತ್ತು.

ಮಾಸ್ತರು ತಪಾಸಣೆ ಶುರು ಮಾಡಿದರು. ಚಿತ್ರದ ತಲೆ ನೋಡಿ ನನ್ನ ತಲೆ ನೋಡಿದರು, ಸರಿ ಎಂದು ಗುರುತು ಹಾಕಿದರು. ಮೀಸೆ, ಸರಿ. ಹೊಟ್ಟೆಗೆ ಬಂದಾಗ ಕೈ ತಡೆಯಿತು. ಚಿತ್ರ ನೋಡಿದರು, ನನ್ನನ್ನು ನೋಡಿದರು. ಬಹಳ ಮರ್ಯಾದಸ್ತ ಮನುಷ್ಯ, ನನಗೆ ನೋವಾಗಬಾರದೆಂದು ತಲೆ ಬಾಗಿಸಿ, ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದರು: "ಪಿಕ್ಚರ್... ಲಿಟಲ್ ಟೂ ಬಿಗ್."

ಅಲ್ಲಿಯ ತನಕ ಬಿಕ್ಕುತ್ತಿದ್ದ ನನ್ನ ಹೆಂಡತಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಒಮ್ಮೆ ಚಿತ್ರವನ್ನೂ ಒಮ್ಮೆ ನನ್ನನ್ನೂ ನೋಡಿ, ಅಚ್ಚ ಗದಗಿನ ಕನ್ನಡದಲ್ಲಿ ಮಾಸ್ತರಿಗೆ ಹೇಳಿದಳು:

"ಇಲ್ರೀ ಸರ, ಬರೋಬ್ಬರಿ ಐತಿ. ಟಿಕ್ ಮಾಡ್ರಿ."