ಬಸ್ಸು ಇಲ್ಲಿಯೇ ನಿಲ್ಲಬೇಕು

ಹಟ ಗಂಡಸರಿಗೆ ಬಂದರೆ ಸ್ವಾಭಿಮಾನ, ಹೆಂಗಸರಿಗೆ ಬಂದರೆ ಮೊಂಡುತನ ಎಂದು ಕರೆಯುವ ರೂಢಿ ನಮ್ಮ ಕಡೆ ಇದೆ. ನನಗೆ ಬಂದದ್ದು ಎರಡನೆಯದು. ಮುಚ್ಚಿಡುವ ಇರಾದೆ ಇಲ್ಲ. ಮದುವೆಯಾದ ಹೊಸದರಲ್ಲಿ ಗೋದಿ ಹುಗ್ಗಿಗೆ ಬೆಲ್ಲ ಹೆಚ್ಚಾಗಿದೆ ಎಂದು ನಮ್ಮ ಅತ್ತೆ ಅಂದದ್ದಕ್ಕೆ, ಆಗಿಲ್ಲವೆಂದು ಸಾಧಿಸಲು ಪಾತ್ರೆಯಲ್ಲಿದ್ದದ್ದನ್ನೆಲ್ಲ ನಾನೊಬ್ಬಳೇ ತಿಂದು ಹಾಸಿಗೆ ಹಿಡಿದವಳು ನಾನು. ಹೊಟ್ಟೆ ಹಿಡಿದುಕೊಂಡು ಹೊರಳುವಾಗಲೂ ಬೆಲ್ಲ ಸರಿಯಾಗಿಯೇ ಇತ್ತು ಎನ್ನುತ್ತಿದ್ದೆನಂತೆ. ಇದನ್ನು ನಮ್ಮ ಮನೆಯವರು ಬಂದುಹೋದವರಿಗೆಲ್ಲ ಹೇಳಿ ನಗುತ್ತಾರೆ. ನಗಲಿ. ಬಸ್ಸು ನಿಲ್ಲಿಸಿದ ಕತೆ ಬಂದಾಗ ಮಾತ್ರ ಅವರ ನಗೆ ಸ್ವಲ್ಪ ತಗ್ಗುತ್ತದೆ.

ಅದು ಎಪ್ಪತ್ತರ ದಶಕ. ನಾನು ಬಸವನ ಬಾಗೇವಾಡಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಶಾಲೆ ಊರ ಹೊರಗೆ, ಇಂಗಳೇಶ್ವರದ ರಸ್ತೆಯ ಮೇಲೆ. ಆ ಕಡೆಯ ಹಳ್ಳಿಗಳ ಹುಡುಗಿಯರನ್ನು ತುಂಬಿಕೊಂಡು ಬೆಳಿಗ್ಗೆ ಬರುವ ಬಸ್ಸು ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಹಾದುಹೋಗುತ್ತಿತ್ತು ಎಂದೆ, ನಿಲ್ಲುತ್ತಿತ್ತು ಎನ್ನಲಿಲ್ಲ. ಪ್ರಾರ್ಥನೆಗೆ ನಿಂತ ನಮ್ಮೆಲ್ಲರ ಮೇಲೆ ಧೂಳು ಎರಚಿ, ಪೇಟೆಯೊಳಗೆ ನುಗ್ಗಿ, ಆ ತುದಿಯ ಸ್ಟ್ಯಾಂಡಿನಲ್ಲಿ ಹುಡುಗಿಯರನ್ನು ಇಳಿಸುತ್ತಿತ್ತು. ಅವರು ಅದೇ ಪೇಟೆಯ ನಡುವೆ ಕಾಲೆಳೆಯುತ್ತ ಬಂದ ದಾರಿಗೇ ಮರಳಿ ಬರಬೇಕು. ಪೇಟೆಯೆಂದರೆ ಚಹಾದ ಅಂಗಡಿಗಳು, ಚಹಾದ ಅಂಗಡಿಗಳೆಂದರೆ ಬೇರೆ ಕೆಲಸವಿಲ್ಲದ ಗಂಡುಹುಡುಗರು. ಅವರ ಸೀಟಿ, ಹಾಡು, ಹೆಸರಿಟ್ಟು ಕೂಗುವುದು. ಹುಡುಗಿಯರು ಶಾಲೆಗೆ ಬರುವ ಹೊತ್ತಿಗೆ ಮೊದಲ ತಾಸು ಮುಗಿದಿರುತ್ತಿತ್ತು, ಮುಖ ಸಪ್ಪಗಿರುತ್ತಿತ್ತು.

ಒಂದು ದಿನ ನೀಲವ್ವ ಬರುವುದೇ ನಿಂತುಹೋಯಿತು. ಇಂಗಳೇಶ್ವರದ ಹುಡುಗಿ. ಸಂಧಿ, ಸಮಾಸ ಎಂದರೆ ಉಳಿದವರು ಬೆಂಚಿನ ಕೆಳಗೆ ಅಡಗುವಾಗ ಅವಳು ಕಡಲೆ ಕುಟುಕಿದಂತೆ ಉತ್ತರ ಹೇಳುತ್ತಿದ್ದಳು. ಅಂಥ ವಿದ್ಯಾರ್ಥಿ ವ್ಯಾಕರಣದ ಮಾಸ್ತರಿಕೆ ಮಾಡುವವರಿಗೆ ಜನ್ಮಕ್ಕೊಂದು ಸಿಗುತ್ತದೆ. ನಾನು ಅದೇ ಬಸ್ಸು ಹತ್ತಿ ಇಂಗಳೇಶ್ವರಕ್ಕೆ ಹೋದೆ. ಅವಳ ಅಪ್ಪ ಸಿದ್ದಪ್ಪ ಹೊಲದಲ್ಲಿದ್ದ. ಹೆಣ್ಣುಮಕ್ಕಳ ವಿದ್ಯೆಯ ಮಹತ್ವ ಕುರಿತು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಭಾಷಣವನ್ನು ಅವನು ತಲೆಯಾಡಿಸುತ್ತ ಪೂರ್ತಿ ಕೇಳಿದ. ಆಮೇಲೆ ಹೇಳಿದ:

"ಸಾಲಿ ಬ್ಯಾಡ ಅನ್ನೂದಿಲ್ರಿ ಅಕ್ಕೋರ. ಆ ಪ್ಯಾಟಿ ದಾರಿ ಬ್ಯಾಡ ಅಂತೇನಿ. ಬಸ್ ನಿಮ್ಮ ಸಾಲಿ ಮುಂದ ನಿಂದ್ರತಿದ್ರ ನಾಳಿನ ಕಳಸ್ತೇನಿ."

ಬಾವಿಯ ಹತ್ತಿರ ನಿಂತ ನೀಲವ್ವ ನಮ್ಮಿಬ್ಬರ ಮುಖವನ್ನೂ ನೋಡಿ ಕೊಡ ಎತ್ತಿಕೊಂಡು ಹೋದಳು. ನಾನು ಮರಳಿ ಬರುವಾಗ ಕಂಡಕ್ಟರನಿಗೆ ಶಾಲೆಯ ಮುಂದೆ ಇಳಿಸು ಎಂದೆ. ಅಲ್ಲಿ ಸ್ಟಾಪಿಲ್ಲ ಎಂದ. ಬಸ್ಸು ನನ್ನ ಶಾಲೆಯನ್ನು ನನಗೇ ತೋರಿಸಿ ಮುಂದೆ ಹೋಯಿತು.

ಅದೇ ಹೊತ್ತಿಗೆ ಊರಲ್ಲಿ ಬಸ್ಸು ಎಲ್ಲೆಲ್ಲಿ ನಿಲ್ಲಬೇಕೆಂದು ತೀರ್ಮಾನಿಸಲು ಹಿರಿಯರ ಸಭೆಯೊಂದು ಕೂಡುವ ಸುದ್ದಿ ಬಂತು. ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯದಿದ್ದರೂ ಹೋಗಿ ಮುಂದಿನ ಕುರ್ಚಿಯಲ್ಲೇ ಕುಳಿತೆ. ತಾಲೂಕು ಕಚೇರಿಯಲ್ಲಿ ಕಾರಕೂನರಾಗಿದ್ದ ನಮ್ಮ ಮನೆಯವರು ಹಿಂದಿನ ಸಾಲಿನಲ್ಲಿ, ನನ್ನ ಪರಿಚಯವೇ ಇಲ್ಲದವರಂತೆ ಛಾವಣಿ ನೋಡುತ್ತಿದ್ದರು. ಅರಿವೆ ಅಂಗಡಿಯ ಸಾಹುಕಾರರು ತಮ್ಮ ಅಂಗಡಿಯ ಮುಂದೆ ಸ್ಟಾಪು ಬೇಕೆಂದರು. ನೆರಳಿದೆ, ಜನಕ್ಕೆ ಅನುಕೂಲ. ಖಾನಾವಳಿಯವರು ತಮ್ಮ ಮುಂದೆ ಬೇಕೆಂದರು. ಜನಕ್ಕೆ ನೀರು ಸಿಗುತ್ತದೆ. ಟಾಕೀಜಿನವರೂ ಕೇಳಿದರು. ಅಧ್ಯಕ್ಷತೆ ವಹಿಸಿದ್ದ ಹಿರಿಯರಿಗೆ ಮಾತ್ರ ತಮ್ಮ ಮನೆಯ ಮುಂದೆ ಬೇಡವಾಗಿತ್ತು. ಹಾರ್ನು ಕೇಳಿದರೆ ಅವರ ಎಮ್ಮೆ ಹಾಲು ಏರಿಸಿಕೊಂಡು ಕರೆಯಗೊಡುವುದಿಲ್ಲವಂತೆ. ಎಲ್ಲರ ಮಾತೂ ಒಪ್ಪಿಗೆಯಾಯಿತು, ಎಮ್ಮೆಯದೂ ಸೇರಿ. ಕೊನೆಗೆ ನಾನು ಎದ್ದು ಶಾಲೆಯ ಮಾತು ತೆಗೆದೆ. ಶಾಲೆಗೆ ರಜೆ ಇದ್ದ ದಿನ ಅಲ್ಲಿ ಇಳಿಯುವವರು ಯಾರು ಎಂದು ಸಾಹುಕಾರರು ಕೇಳಿದರು. ಸಿನೆಮಾ ಇಲ್ಲದಾಗ ಟಾಕೀಜಿನ ಮುಂದೆ ಇಳಿಯುವವರು ಯಾರು ಎಂದು ನಾನು ಕೇಳಿದೆ. ಅಕ್ಕೋರು ಸಿಟ್ಟಾಗಬಾರದು, ಮುಂದೆ ವಿಚಾರ ಮಾಡೋಣ ಎಂದು ಹಿರಿಯರು ಚಹಾ ತರಿಸಿದರು. ನಮ್ಮಲ್ಲಿ ಚಹಾ ಬಂತೆಂದರೆ ವಿಚಾರ ಮುಗಿಯಿತೆಂದೇ ಅರ್ಥ. ನಾನು ಕುಡಿಯದೆ ಎದ್ದು ಬಂದೆ.

ನಮ್ಮ ಅತ್ತೆಯವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಶಾಂತವಾಗಿದ್ದಾಗ ಕನ್ನಡ, ಸಿಟ್ಟು ಬಂದಾಗ ಮರಾಠಿ. ಹೀಗಾಗಿ ನನ್ನ ಮರಾಠಿ ಬಹಳ ಬೇಗ ಸುಧಾರಿಸಿತ್ತು. ಆ ದಿನ ನಾನು ಚಪ್ಪಲಿ ಬಿಟ್ಟ ಸದ್ದಿಗೇ ಅಡಿಗೆಮನೆಯಿಂದ "ಕಾಯ ಝಾಲ?" ಎಂದು ಬಂತು. ಏನಾಯಿತೆಂದು ಹೇಳಿದೆ. ಸೊಸೆ ಗಂಡಸರ ಸಭೆಗೆ ಹೋದಳೆಂದು ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ಬೇಳೆ ಆರಿಸತೊಡಗಿದರು. ಮೂರನೆಯ ಇಯತ್ತೆಯಲ್ಲಿ ತಮ್ಮನ್ನೂ ಶಾಲೆ ಬಿಡಿಸಿದ್ದರು ಎಂದು, ಬೇಳೆಗೆ ಹೇಳುವಂತೆ, ಹೇಳಿದರು. ಆಮೇಲೆ ಎದ್ದು ಹೋಗಿ ತೀರಿಹೋದ ನಮ್ಮ ಮಾವನವರು ಊಟಕ್ಕೆ ಕೂರುತ್ತಿದ್ದ ಸಾಗುವಾನಿಯ ದೊಡ್ಡ ಮಣೆಯನ್ನು ತಂದು ನನ್ನ ಮುಂದಿಟ್ಟರು.

"ಇದರ ಮ್ಯಾಲ ಕೂತಾಗ ಅವರು ಯಾರ ಮಾತೂ ಕೇಳ್ತಿದ್ದಿಲ್ಲ," ಎಂದರು. "ಗಟ್ಟಿ ಅದ. ಬೋರ್ಡ್ ಬರಸು."

ಶಾಲೆಯ ಚಿತ್ರಕಲೆಯ ಮಾಸ್ತರರು ಹಳದಿ ಬಳಿದು, ಕಪ್ಪು ಅಕ್ಷರಗಳಲ್ಲಿ, ಅಚ್ಚು ಸರಕಾರದ್ದೇ ಅನ್ನುವ ಹಾಗೆ ಬರೆದುಕೊಟ್ಟರು: 'ಬಸ್ಸು ಇಲ್ಲಿ ನಿಲ್ಲುವುದು.' ಯಾರ ಅಪ್ಪಣೆಯಿಂದ ಎಂದು ಬರೆದಿರಲಿಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ, ಭವಿಷ್ಯತ್ಕಾಲದ ಕ್ರಿಯಾಪದ ಅಷ್ಟೆ ಎಂದು ನಾನು ನಮ್ಮ ಮನೆಯವರಿಗೆ ಬಿಡಿಸಿ ಹೇಳಿದೆ. ಅವರು ತಮ್ಮ ನೌಕರಿಯ ಭವಿಷ್ಯತ್ಕಾಲದ ಬಗ್ಗೆ ಕೇಳಿದರು. ನಾನು ಬೋರ್ಡು ಕಟ್ಟಲು ಹಗ್ಗ ಹುಡುಕಲು ಹೋದೆ.

ಮರುದಿನ ಬೆಳಿಗ್ಗೆ ಗೇಟಿನ ಪಕ್ಕದ ಬೇವಿನ ಮರಕ್ಕೆ ಬೋರ್ಡು ಬಿಗಿದು, ಅದರ ಕೆಳಗೆ ನಾನೂ ನಿಂತೆ. ಆ ಬಸ್ಸಿನ ಡ್ರೈವರು ಮುದ್ದೇಬಿಹಾಳದ ಕಡೆಯವನು, ಯಾರಿಗೂ ಹೆದರುವ ಪೈಕಿ ಅಲ್ಲ. ಆದರೆ ಹಳದಿ ಬೋರ್ಡು ಕಂಡದ್ದೇ ಬಸ್ಸು ಗಕ್ಕನೆ ನಿಂತಿತು. ಇದು ಯಾವಾಗ ಆಯಿತು ಎಂದು ಕಂಡಕ್ಟರು ಕೇಳಿದ. ಬೋರ್ಡು ಕಾಣಿಸುವುದಿಲ್ಲವೇನು ಎಂದು ನಾನು ಕೇಳಿದೆ. ಅವನು ಬೋರ್ಡನ್ನೂ ನನ್ನನ್ನೂ ನೋಡಿ, ಆರ್ಡರು ಬಂದಿರಬೇಕೆಂದು ಡ್ರೈವರಿಗೆ ಹೇಳಿ ಬಾಗಿಲು ತೆಗೆದ. ಹುಡುಗಿಯರು ದಬದಬನೆ ಇಳಿದರು. ಧೂಳು ಎಂದಿನಷ್ಟೇ ಎದ್ದಿತು. ನನಗೆ ಗಂಧದ ಪುಡಿ ಎರಚಿದಂತಾಯಿತು.

ಆ ವಾರವೇ ನೀಲವ್ವನೂ ಬಂದಳು. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹಟಕ್ಕಿಂತ ಬೇಗ ಹಬ್ಬುವ ರೋಗವಿಲ್ಲ. ಅಕ್ಕೋರು ಮಣೆ ಕಟ್ಟಿ ಬಸ್ಸು ನಿಲ್ಲಿಸಿದರಂತೆ ಎಂದು ಪೇಟೆಗೆ ಗೊತ್ತಾದದ್ದೇ ತಡ, ಹಳದಿ ಬಣ್ಣಕ್ಕೆ ಬೇಡಿಕೆ ಬಂತು. ಪಾತ್ರೆ ಅಂಗಡಿಯ ಮುಂದೆ ಬೋರ್ಡು, ಹಜಾಮರ ಅಂಗಡಿಯ ಮುಂದೆ ಬೋರ್ಡು. ಒಬ್ಬ ಮಹಾಶಯ, ಯಂಕಂಚಿಯಿಂದ ಬರುವ ತನ್ನ ಮಾವ ಬಾಗಿಲಿಗೇ ಇಳಿಯಲೆಂದು ಮನೆಯ ಕಟ್ಟೆಗೇ ಬೋರ್ಡು ಒರಗಿಸಿದ. ಯಾವುದು ಖರೆ, ಯಾವುದು ಸುಳ್ಳು ಎಂದು ತಿಳಿಯದೆ ಡ್ರೈವರುಗಳು ಎಲ್ಲ ಕಡೆಯೂ ನಿಲ್ಲಿಸತೊಡಗಿದರು. ಸಿಂದಗಿಯ ಕಡೆ ಹೋಗುವ ಬಸ್ಸು ನಮ್ಮ ಪೇಟೆ ದಾಟುವುದರೊಳಗೆ ಅದರ ಪ್ರಯಾಣಿಕರು ಇಳಿದು ಚಹಾ ಕುಡಿದು, ನಡೆದು ಬಂದು ಮತ್ತೆ ಅದನ್ನೇ ಹತ್ತುತ್ತಿದ್ದರು. ಕಡೆಗೆ ವಿಜಾಪುರದ ಬಸ್ ಡಿಪೋದಿಂದ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಪೇಟೆಯ ಬೋರ್ಡುಗಳನ್ನೆಲ್ಲ ಕೀಳಿಸುತ್ತ ಕೀಳಿಸುತ್ತ ನಮ್ಮ ಬೇವಿನ ಮರದ ಹತ್ತಿರ ಬಂದು, ಇದನ್ನು ಹಾಕಿದವರು ಯಾರು ಎಂದು ಕೇಳಿದರು. ಹೆಡ್‌ಮಾಸ್ತರರು ನನ್ನ ಕಡೆ ನೋಡಲಿಲ್ಲ, ಅದೇ ಅವರು ಮಾಡಿದ ದೊಡ್ಡ ಉಪಕಾರ. ನಾನೇ ಮುಂದೆ ಬಂದೆ.

"ನಾ ಹಾಕೇನ್ರಿ," ಎಂದೆ.

ಸಾಹೇಬರು ಒಳ್ಳೆಯವರು. ತಾಯಿಯವರೇ, ಇದನ್ನು ತೆಗೆಯಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದರು. ನಾನು ಬೋರ್ಡಿನ ಕೆಳಗೆ ಹೋಗಿ ನಿಂತೆ.

"ತಗೀರಿ. ನಾಳಿ ಇದ ಜಾಗಾದಾಗ ನಾ ನಿಂತಿರ್ತೇನಿ. ಬೋರ್ಡ್ ಆದ್ರ ಸುಮ್ಮನಿರ್ತದ, ನಾ ಮಾತಾಡ್ತೇನಿ."

ಅಷ್ಟರಲ್ಲಿ ಇಂಗಳೇಶ್ವರದ ಬಸ್ಸು ಬಂತು. ಸಾಹೇಬರ ಜೀಪಿದ್ದರೂ ನಿಂತಿತು. ಹುಡುಗಿಯರು ಇಳಿದರು. ಅವರ ಹಿಂದೆ ಸಿದ್ದಪ್ಪ ಇಳಿದ. ಪೇಟೆಯ ಸುಳ್ಳು ಬೋರ್ಡುಗಳ ಸುದ್ದಿ ಕೇಳಿ, ಇಲ್ಲಿ ಬಸ್ಸು ಇನ್ನೂ ನಿಲ್ಲುತ್ತದೋ ಇಲ್ಲವೋ ಎಂದು ಕಣ್ಣಾರೆ ನೋಡಲು ಬಂದಿದ್ದನಂತೆ. ಜೀಪು, ಸಾಹೇಬರು, ಮರಕ್ಕೆ ಏಣಿ ಇಟ್ಟವನು, ಎಲ್ಲವನ್ನೂ ನೋಡಿ ಅವನಿಗೆ ವಿಷಯ ತಿಳಿಯಿತು. ರುಮಾಲು ಸರಿಮಾಡಿಕೊಂಡು ಸಾಹೇಬರ ಎದುರು ನಿಂತ.

"ಬೋರ್ಡ್ ತಗದ್ರ ನನ್ನ ಮಗಳ್ನ ಇವತ್ತ ಮನಿಗಿ ಕರ್ಕೊಂಡು ಹೊಕ್ಕೇನ್ರಿ. ಅಷ್ಟ ಹೇಳ್ರಿ, ನಿಂದ್ರಲ್ಯೋ ಹೋಗ್ಲ್ಯೋ."

ನೀಲವ್ವ ಅಪ್ಪನ ಪಕ್ಕದಲ್ಲಿ ಪಾಟಿಚೀಲ ಎದೆಗವಚಿಕೊಂಡು ನಿಂತಿದ್ದಳು. ಸಾಹೇಬರು ಅವಳನ್ನು ನೋಡಿದರು, ಏಣಿಯನ್ನು ನೋಡಿದರು. ಅವರಿಗೂ ಮನೆಯಲ್ಲಿ ಹೆಣ್ಣುಮಕ್ಕಳಿದ್ದರೋ ಏನೋ, ನಾನು ಕೇಳಲಿಲ್ಲ. ಸದ್ಯಕ್ಕೆ ಇರಲಿ ಎಂದರು. ಮುಂದೆ ಕಬ್ಬಿಣದ ಕಂಬ ಬಂದು ನಮ್ಮ ಮಣೆ ಮನೆಗೆ ಮರಳಿತು, ಸದ್ಯಕ್ಕೆ ಎನ್ನುವ ಮಾತು ಎಲ್ಲರಿಗೂ ಮರೆತುಹೋಯಿತು. ನೀಲವ್ವ ಮ್ಯಾಟ್ರಿಕ್ ಪಾಸಾಗಿ ವಿಜಾಪುರಕ್ಕೆ ಓದಲು ಹೋದಳು. ಸಿದ್ದಪ್ಪ ಒಂದು ಚೀಲ ಕುಸುಬಿ ಹೊತ್ತು ತಂದು ನಮ್ಮ ಅತ್ತೆಯ ಮುಂದೆ ಇಳಿಸಿದ. ಅವರು ಆ ದಿನವೆಲ್ಲ ಕನ್ನಡದಲ್ಲೇ ಮಾತಾಡಿದರು.

ಆ ದಶಕ ಮುಗಿಯುವ ಹೊತ್ತಿಗೆ ನನಗೆ ಇಂಡಿಗೆ ವರ್ಗವಾಯಿತು. ನನ್ನ ಕೀರ್ತಿ ನನಗಿಂತ ಮೊದಲೇ ಅಲ್ಲಿ ಇಳಿದಿತ್ತು. ಅಲ್ಲಿಯೂ ಸ್ಟಾಪುಗಳ ಸಭೆ ಕೂಡಿದಾಗ, ಈ ಸಲ ನನ್ನನ್ನು ಕರೆದು, ತಿಳಿದವರೆಂದು ಮುಂದೆ ಕೂಡಿಸಿದರು. ಎಲ್ಲ ಸರಾಗವಾಗಿ ನಡೆದಿತ್ತು. ನಾವು ಬಾಡಿಗೆಗಿದ್ದ ಮನೆಯ ಮುಂದೆಯೇ ಒಂದು ಸ್ಟಾಪು ಇರಲೆಂದು, ನನ್ನ ಮೇಲಿನ ಗೌರವದಿಂದಲೇ ಇರಬೇಕು, ಯಾರೋ ಸೂಚಿಸಿದರು. ನಾನು ಎದ್ದು ನಿಂತೆ. ಅಲ್ಲಿನ ತಿರುವು, ಧೂಳು, ಗದ್ದಲ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಉಗಿಯುವ ಜನ, ಮಧ್ಯಾಹ್ನ ಮಲಗುವ ವಯಸ್ಸಾದವರು, ಇವೆಲ್ಲವನ್ನೂ ಎಳೆಎಳೆಯಾಗಿ ವಿವರಿಸಿದೆ. ಎದುರು ಮಾತಾಡುವ ಧೈರ್ಯ ಯಾರಿಗೂ ಬರಲಿಲ್ಲ. ಸ್ಟಾಪು ಬಹಳ ಆಚೆ, ಹತ್ತಿ ಗಿರಣಿಯ ಹತ್ತಿರ ಆಯಿತು. ಈಗಲೂ ಸಂತೆಯ ದಿನ ಎರಡು ಕೈಯಲ್ಲೂ ಚೀಲ ಹಿಡಿದು, ಬಿಸಿಲಲ್ಲಿ ಅಲ್ಲಿಂದ ನಡೆದು ಬರುವಾಗ, ಜೊತೆಗಿದ್ದ ನಮ್ಮ ಮನೆಯವರು ಛತ್ರಿಯನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ. ಅವರೇನು ಬೇಕಾದರೂ ತಿಳಿದುಕೊಳ್ಳಲಿ. ಸ್ಟಾಪು ಇರುವ ಜಾಗ ಸರಿಯಾಗಿಯೇ ಇದೆ. ನಮ್ಮ ಮನೆಯೇ ಸ್ವಲ್ಪ ಆ ಕಡೆ ಇರಬೇಕಿತ್ತು.